ಮಂತ್ರಿಗಳು ಉತ್ತರ ಕೊಟ್ಟಿದ್ದಾರೆ, ನಮ್ಮ ಊರಿಗೆ ಡಾಕ್ಟರು ಮಾತ್ರ ಬಂದಿಲ್ಲ. ಮುಂದೇನು?

ಓದುಗರ ಪ್ರಶ್ನೆ:

"ನಾನು ಕಲ್ಯಾಣ ಕರ್ನಾಟಕದ ಒಂದು ಹೋಬಳಿಯವಳು. ಊರಿನ ಹೆಂಗಸರ ಸ್ವಸಹಾಯ ಸಂಘ ನೋಡಿಕೊಳ್ಳುತ್ತೇನೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡು ವರ್ಷದಿಂದ ವೈದ್ಯರು ಕಾಣುತ್ತಿಲ್ಲ. ಹೆರಿಗೆಗೆ ತಾಲೂಕು ಆಸ್ಪತ್ರೆಗೇ ಹೋಗಬೇಕು. ನಮ್ಮ ಶಾಸಕರು ವಿರೋಧ ಪಕ್ಷದವರು. ಮನವಿ ಕೊಟ್ಟೆವು, ಅಧಿವೇಶನದಲ್ಲಿ ಪ್ರಶ್ನೆ ಹಾಕಿಸಿದರು. ಉತ್ತರದ ಪ್ರತಿಯನ್ನೂ ತಂದುಕೊಟ್ಟರು. ಅದರಲ್ಲಿ 'ಗಮನಕ್ಕೆ ಬಂದಿದೆ', 'ವೈದ್ಯಾಧಿಕಾರಿ ಹುದ್ದೆ ಭರ್ತಿಯಾಗಿದೆ', 'ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು' ಎಂದಿದೆ. ನಾವು ಕಣ್ಣಾರೆ ಖಾಲಿ ಕುರ್ಚಿ ನೋಡುತ್ತಿದ್ದೇವೆ. ಭರ್ತಿ ಎಂದು ಹೇಗೆ ಬರೆದರು? ಸದನದಲ್ಲಿ ಸುಳ್ಳು ಹೇಳಬಹುದಾ? ಅದೇ ವಾರ ಟಿವಿಯಲ್ಲಿ ಮುಖ್ಯಮಂತ್ರಿಗಳ ಉತ್ತರವನ್ನೂ ನೋಡಿದೆ. ಇವತ್ತಿನ ಆಸ್ಪತ್ರೆಗಳ ಬಗ್ಗೆ ಕೇಳಿದರೆ ಹಿಂದಿನ ಸರ್ಕಾರದ ಲೆಕ್ಕ ಹೇಳಿದರು. ಲಂಡನ್ನಿನಲ್ಲಿ ಪ್ರಧಾನಿಯೇ ಪ್ರತಿ ವಾರ ನಿಂತು ಉತ್ತರ ಕೊಡುತ್ತಾರಂತೆ. ನಮ್ಮಲ್ಲಿ ಯಾಕಿಲ್ಲ? ಇದೆಲ್ಲ ಬರೀ ನಾಟಕ ಎನ್ನುತ್ತಾರೆ ನಮ್ಮ ಮನೆಯವರು. ಹೌದಾ?"

ಉತ್ತರ:

ನಿಮ್ಮ ಪತ್ರ ಓದಿ ಮನಸ್ಸಿಗೆ ಕಷ್ಟವಾಯಿತು. ನೀವು ಮಾಡಬೇಕಾದದ್ದನ್ನೆಲ್ಲ ಮಾಡಿದ್ದೀರಿ. ಜನ ಸೇರಿಸಿ ಮನವಿ ಕೊಟ್ಟಿರಿ, ಪ್ರಶ್ನೆ ಹಾಕಿಸಿದಿರಿ, ಉತ್ತರದ ಪ್ರತಿ ಕೂಡ ಕೈಗೆ ತೆಗೆದುಕೊಂಡಿರಿ. ಇಷ್ಟು ದೂರ ಬರುವವರೇ ಕಡಿಮೆ. ಹಾಗಾಗಿ ನಾಟಕ ಎಂದು ಕೈಬಿಡುವ ಮೊದಲು ನನ್ನ ಮಾತು ಕೇಳಿ.

ನಾನು ಸಚಿವಾಲಯದ ಒಂದು ದೊಡ್ಡ ಇಲಾಖೆಯಲ್ಲಿ ವರ್ಷಗಟ್ಟಲೆ ಈ ಉತ್ತರಗಳ ಕರಡು ಬರೆದವನು. ನಿಮ್ಮ ಕೈಲಿರುವ ಹಾಳೆಯಂಥ ಹಾಳೆಗಳು ನೂರಾರು ನನ್ನ ಮೇಜಿನಿಂದ ಹೋಗಿವೆ. ಅದರ ಒಂದೊಂದು ಪದಕ್ಕೂ ಒಂದು ಅಳತೆ ಇರುತ್ತದೆ. ಆ ಅಳತೆ ಗೊತ್ತಾದರೆ ಮುಂದಿನ ದಾರಿ ಕಾಣುತ್ತದೆ.

ಮೊದಲು 'ಭರ್ತಿಯಾಗಿದೆ' ಎನ್ನುವ ಮಾತು. ನಿಮ್ಮನ್ನು ಜಾಸ್ತಿ ನೋಯಿಸಿದ್ದು ಅದೇ ಅಲ್ವಾ? ನಿಮ್ಮ ಕೇಂದ್ರದ ಕಡತವನ್ನು ನಾನು ನೋಡಿಲ್ಲ. ಆದರೆ ಖಾಲಿ ಕುರ್ಚಿ, ಭರ್ತಿ ಹುದ್ದೆ ಎರಡೂ ಒಟ್ಟಿಗೆ ಕಂಡ ಕಡೆ ನಾನು ಮೊದಲು ಹುಡುಕುವುದು 'ನಿಯೋಜನೆ'ಯನ್ನು. ವೈದ್ಯರ ಹೆಸರು ನಿಮ್ಮ ಕೇಂದ್ರದ ಹುದ್ದೆಯ ಎದುರು ಇರುತ್ತದೆ. ಸಂಬಳವೂ ಆ ಹುದ್ದೆಯ ಲೆಕ್ಕದಲ್ಲೇ ಹೋಗುತ್ತದೆ. ಕೆಲಸ ಮಾತ್ರ ತಾಲೂಕು ಆಸ್ಪತ್ರೆಯಲ್ಲೋ ಜಿಲ್ಲಾ ಕೇಂದ್ರದಲ್ಲೋ ನಡೆಯುತ್ತಿರುತ್ತದೆ. ಅಲ್ಲಿ ವೈದ್ಯರ ಕೊರತೆ ಇತ್ತು, ಒಂದು ಆದೇಶ ಮಾಡಿ ಕರೆಸಿಕೊಂಡರು. ಆಮೇಲೆ ಅದು ಹಾಗೇ ಮುಂದುವರಿಯಿತು. ಕಾಗದದ ಮೇಲೆ ಹುದ್ದೆ ಭರ್ತಿ. ನಿಮ್ಮ ಊರಿನ ಪಾಲಿಗೆ ಖಾಲಿ. ಇನ್ನೊಂದು ಸಾಧ್ಯತೆಯೂ ಇದೆ. ಗುತ್ತಿಗೆ ವೈದ್ಯರು ಬಂದು, ಬಿಟ್ಟು ಹೋಗಿರಬಹುದು. ಜಿಲ್ಲೆಯ ಪಟ್ಟಿ ಇನ್ನೂ ಹಳೆಯದೇ ಇರಬಹುದು. ದೀರ್ಘ ರಜೆಯ ಮೇಲೆ ಇರುವವರೂ ಭರ್ತಿಯ ಲೆಕ್ಕಕ್ಕೇ ಸೇರುತ್ತಾರೆ.

ನಿಮ್ಮ ಶಾಸಕರ ಪ್ರಶ್ನೆಯಲ್ಲಿ 'ಹುದ್ದೆ ಖಾಲಿ ಇದೆಯೇ' ಎಂದಷ್ಟೇ ಇದ್ದರೆ, 'ಇಲ್ಲ, ಭರ್ತಿಯಾಗಿದೆ' ಎನ್ನುವ ಉತ್ತರ ದಾಖಲೆಯ ಪ್ರಕಾರ ಸರಿಯೇ. ಕೇಳಿದಷ್ಟಕ್ಕೆ ಉತ್ತರ. ಸಚಿವಾಲಯದಲ್ಲಿ ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುವ ಪಾಠವೇ ಇದು. ಪ್ರಶ್ನೆ ಎಷ್ಟು ಅಗಲವೋ ಉತ್ತರ ಅಷ್ಟೇ ಅಗಲ. ಇದನ್ನು ನಾನು ಸಮರ್ಥಿಸುತ್ತಿಲ್ಲ. ಹೀಗೆ ಬರೆದು ಕಳಿಸಿದ ದಿನಗಳ ಬಗ್ಗೆ ನನಗೆ ಇವತ್ತಿಗೂ ಬೇಸರವಿದೆ.

ಒಂದು ಘಟನೆ ಹೇಳುತ್ತೇನೆ. ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ ಎಂದು ಒಬ್ಬರು ಸದಸ್ಯರು ಕೇಳಿದ್ದರು. ಜಿಲ್ಲೆಗಳಿಂದ ಅಂಕಿ ತರಿಸಿ, ಇದೆ ಎಂದು ಪಟ್ಟಿ ಸಮೇತ ಉತ್ತರ ಸಿದ್ಧ ಮಾಡಿದ್ದೆವು. ಸದಸ್ಯರು ಉತ್ತರ ಕೇಳಿಸಿಕೊಂಡು ನಿಧಾನಕ್ಕೆ ಎದ್ದರು. "ನೀರಿದೆಯಾ?" ಎಂದರು. ಅಷ್ಟೇ. ಮಂತ್ರಿಗಳು ಅಧಿಕಾರಿಗಳ ಗ್ಯಾಲರಿ ಕಡೆ ತಿರುಗಿದರು. ಮತ್ತೆ ಏನಾದರೂ ಕೇಳಿದರೆ ಇರಲಿ ಎಂದು ಮಂತ್ರಿಗಳಿಗೆ ಬರೆದುಕೊಡುವ ನಮ್ಮ ಪೂರಕ ಟಿಪ್ಪಣಿಯಲ್ಲಿ ನೀರಿನ ಮಾತೇ ಇರಲಿಲ್ಲ. ಜಿಲ್ಲೆಯಿಂದ ಬಂದ ನಮೂನೆಯಲ್ಲಿ ಆ ಅಂಕಣವೇ ಇರಲಿಲ್ಲ. ಚೀಟಿ ಕಳಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಮಾಹಿತಿ ತರಿಸಿ ಕೊಡುತ್ತೇನೆ ಎಂದು ಮಂತ್ರಿಗಳು ಹೇಳಿ ಕೂತರು. ಮುಂದಿನ ವಾರವೇ ಎಲ್ಲ ಜಿಲ್ಲೆಗೂ ಹೊಸ ನಮೂನೆ ಹೋಯಿತು. ಅದರಲ್ಲಿ ನೀರಿನ ಸಂಪರ್ಕ ಎನ್ನುವ ಅಂಕಣ ಸೇರಿತ್ತು. ಒಂದು ಪದದ ಉಪಪ್ರಶ್ನೆ ಒಂದು ಇಲಾಖೆಯ ಲೆಕ್ಕ ಇಡುವ ರೀತಿಯನ್ನೇ ಬದಲಿಸಿದ್ದನ್ನು ನಾನು ಹೀಗೆ ನೋಡಿದ್ದೇನೆ.

ದೆಹಲಿಯ ಎರಡು ಉತ್ತರಗಳನ್ನು ನೋಡಿ. ದೇಶವೇ ನೋಡಿದ ಉತ್ತರಗಳು ಅವು.

2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಸೇರಿದಾಗ ಕೊರೊನಾ ಕಾರಣಕ್ಕೆ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದರು. ಲಿಖಿತ ಉತ್ತರ ಮಾತ್ರ ಇತ್ತು. ಲಾಕ್‌ಡೌನ್‌ನಲ್ಲಿ ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು, ಕುಟುಂಬಗಳಿಗೆ ಪರಿಹಾರ ಕೊಟ್ಟಿದ್ದೀರಾ ಎಂದು ಲೋಕಸಭೆಯಲ್ಲಿ ಕೇಳಲಾಗಿತ್ತು. ಅಂಥ ಅಂಕಿ ಅಂಶ ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಹೇಳಿತು. ಅಂಕಿಯೇ ಇಲ್ಲವಾದ್ದರಿಂದ ಪರಿಹಾರದ ಪ್ರಶ್ನೆ 'ಉದ್ಭವಿಸುವುದಿಲ್ಲ' ಎಂದಿತು. ಜನ ಸಿಟ್ಟಾದರು. ಸಿಟ್ಟಿನಲ್ಲಿ ನ್ಯಾಯವಿತ್ತು. ಅದೇ ಅಧಿವೇಶನದಲ್ಲಿ ರಾಜ್ಯಸಭೆಯಲ್ಲಿ ಇನ್ನೊಂದು ಪ್ರಶ್ನೆ ಬಂತು. ಅದನ್ನು ರೈಲ್ವೆಗೆ ಕೇಳಲಾಗಿತ್ತು. ಶ್ರಮಿಕ ವಿಶೇಷ ರೈಲುಗಳಲ್ಲಿ ಎಷ್ಟು ಜನ ತೀರಿಕೊಂಡರು ಎಂದು. ಅದಕ್ಕೆ ಅಂಕಿ ಬಂತು. ಸೆಪ್ಟೆಂಬರ್ 9ರವರೆಗೆ 97 ಮಂದಿ. ರಾಜ್ಯಗಳ ಪೊಲೀಸರು ಕೊಟ್ಟ ಮಾಹಿತಿ ಅದು. ನೋವು ಒಂದೇ, ಸರ್ಕಾರವೂ ಒಂದೇ. ಎರಡನೆಯ ಪ್ರಶ್ನೆ ರಿಜಿಸ್ಟರ್ ಇಟ್ಟವರ ಬಾಗಿಲನ್ನೇ ತಟ್ಟಿತ್ತು. ಮೊದಲನೆಯದಕ್ಕೆ ಎದ್ದು ನಿಂತು "ಯಾಕೆ ಇಟ್ಟಿಲ್ಲ?" ಎಂದು ಮಂತ್ರಿಯ ಮುಖ ನೋಡಿ ಕೇಳಲು ಅವಕಾಶವೇ ಇರಲಿಲ್ಲ. ಉಪಪ್ರಶ್ನೆ ಇಲ್ಲದಿದ್ದರೆ ಏನು ಕಳೆದುಕೊಳ್ಳುತ್ತೇವೆ ಎನ್ನುವುದು ನನಗೆ ಆ ಅಧಿವೇಶನದಲ್ಲಿ ಚೆನ್ನಾಗಿ ಕಂಡಿತು.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. 2021ರ ಜುಲೈ. ಎರಡನೇ ಅಲೆಯಲ್ಲಿ ಆಮ್ಲಜನಕ ಸಿಗದೆ ಜನ ಸತ್ತರಾ ಎಂದು ರಾಜ್ಯಸಭೆಯಲ್ಲಿ ಕೇಳಿದರು. ಆಮ್ಲಜನಕದ ಕೊರತೆಯಿಂದ ಸಾವು ಎಂದು ನಿರ್ದಿಷ್ಟವಾಗಿ ಯಾವ ರಾಜ್ಯವೂ, ಕೇಂದ್ರಾಡಳಿತ ಪ್ರದೇಶವೂ ವರದಿ ಮಾಡಿಲ್ಲ ಎಂಬ ಉತ್ತರ ಬಂತು. ಆರೋಗ್ಯ ರಾಜ್ಯದ ವಿಷಯ ಎಂಬ ಮಾತೂ ಅದರಲ್ಲಿತ್ತು. ಅದಕ್ಕೆ ಎರಡೇ ತಿಂಗಳ ಹಿಂದೆ, ಮೇ ಮೊದಲ ವಾರದಲ್ಲಿ, ನಮ್ಮ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ರೋಗಿಗಳು ತೀರಿಕೊಂಡಿದ್ದರು. ಆ ಮನೆಗಳವರು ಈ ಉತ್ತರ ಓದಿದಾಗ ಹೇಗಾಗಿರಬೇಡ? ಈಗ ಉತ್ತರದ ಪದ ನೋಡಿ. 'ಸತ್ತಿಲ್ಲ' ಎಂದು ಅಲ್ಲಿಲ್ಲ. 'ವರದಿ ಮಾಡಿಲ್ಲ' ಎಂದಿದೆ. ಪೂರ್ತಿ ಉತ್ತರ ನಿಂತಿದ್ದು ಆ ಒಂದು ಕ್ರಿಯಾಪದದ ಮೇಲೆ. ಯಾವ ನಮೂನೆಯಲ್ಲಿ ವರದಿ ಕೇಳಿದ್ದಿರಿ? ಸಾವಿನ ಕಾರಣ ಬರೆಯುವ ಕಡೆ ಆಮ್ಲಜನಕದ ಕೊರತೆಗೆ ಜಾಗ ಇತ್ತಾ? ಈ ಎರಡು ಪ್ರಶ್ನೆಗಳನ್ನೂ ಕೇಳಿದರೆ ಉತ್ತರ ತೆಳುವಾಗುತ್ತದೆ. ನಿಮ್ಮ 'ಭರ್ತಿಯಾಗಿದೆ' ಇದೇ ಜಾತಿಯ ಪದ.

ಸುಳ್ಳು ಹೇಳಬಹುದಾ?

ಬೇಕೆಂದೇ ತಪ್ಪು ಮಾಹಿತಿ ಕೊಟ್ಟು ಸದನದ ದಾರಿ ತಪ್ಪಿಸಿದರೆ ಅದು ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕಿನ ಉಲ್ಲಂಘನೆ. ಆದರೆ 'ಬೇಕೆಂದೇ' ಎಂಬುದನ್ನು ತೋರಿಸುವುದು ತುಂಬ ಕಷ್ಟ. ಜಿಲ್ಲೆಯಿಂದ ಬಂದ ಮಾಹಿತಿ ಹಾಗಿತ್ತು ಎಂದರೆ ಮುಗಿಯಿತು. ಅದಕ್ಕಿಂತ ಸುಲಭದ ದಾರಿ ತಿದ್ದುಪಡಿ. ಲೋಕಸಭೆಯಲ್ಲಿ ಮಂತ್ರಿಯ ಹೇಳಿಕೆ ತಪ್ಪಾಗಿದ್ದರೆ ಸದಸ್ಯರು ಸಭಾಧ್ಯಕ್ಷರಿಗೆ ಬರೆದು ಕೊಡಬಹುದು. ಅದಕ್ಕೆ ಸಭಾಧ್ಯಕ್ಷರ 115ನೇ ನಿರ್ದೇಶನ ಇದೆ. ಮಂತ್ರಿಗಳೇ ತಪ್ಪು ಗೊತ್ತಾದಾಗ ತಿದ್ದಿದ ಉತ್ತರ ಕೊಡುವುದೂ ಉಂಟು. ನಮ್ಮ ವಿಧಾನಮಂಡಲದಲ್ಲೂ ತಿದ್ದಿದ ಉತ್ತರ ಹೋಗುವುದನ್ನು ನಾನು ನೋಡಿದ್ದೇನೆ. ಸಾಕ್ಷಿ ಕೈಲಿದ್ದರೆ ಈ ದಾರಿ ಚೆನ್ನಾಗಿ ಕೆಲಸ ಮಾಡುತ್ತದೆ.

ಉತ್ತರದಿಂದ ಏನೂ ಆಗಲ್ಲ ಎಂದು ಹೇಳುವವರಿಗೆ ನಾನು 1957ರ ಕತೆ ಹೇಳುತ್ತೇನೆ. ಹೊಸದಾಗಿ ಹುಟ್ಟಿದ್ದ ಜೀವ ವಿಮಾ ನಿಗಮ ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳಲ್ಲಿ ಸುಮಾರು ಒಂದೂಕಾಲು ಕೋಟಿ ರೂಪಾಯಿ ಹಾಕಿತ್ತು. ಲೋಕಸಭೆಯಲ್ಲಿ ಪ್ರಶ್ನೆ ಬಂತು. ಮೊದಲ ಉತ್ತರ ನೇರವಾಗಿರಲಿಲ್ಲ. ಫಿರೋಜ್ ಗಾಂಧಿ ಬಿಡಲಿಲ್ಲ. ಡಿಸೆಂಬರ್‌ನಲ್ಲಿ ದಾಖಲೆ ಹಿಡಿದು ಮಾತಾಡಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗ ಸಾರ್ವಜನಿಕವಾಗಿ ವಿಚಾರಣೆ ನಡೆಸಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಫಿರೋಜ್ ಆಳುವ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯ. ನಿಮ್ಮ ಶಾಸಕರು ವಿರೋಧ ಪಕ್ಷದವರು ಎಂಬ ಒಂದೇ ಕಾರಣಕ್ಕೆ ಕೆಲಸ ಕೆಟ್ಟಿತು ಎಂದುಕೊಳ್ಳಬೇಡಿ. ಬಿಡದೆ ಹಿಂದೆ ಬೀಳುವವರು ಬೇಕು, ಅಷ್ಟೇ.

ವಿರೋಧ ಪಕ್ಷದ ಪ್ರಶ್ನೆಗಳನ್ನು ಮೂಲೆಗೆ ಹಾಕುತ್ತಾರೆ ಎಂಬ ಮಾತೂ ಊರುಗಳಲ್ಲಿ ಇದೆ. ಅದರಲ್ಲಿ ಅರ್ಧ ಸತ್ಯ. ಲೋಕಸಭೆಯಲ್ಲಿ ಯಾರ ಪ್ರಶ್ನೆ ಪಟ್ಟಿಯಲ್ಲಿ ಎಲ್ಲಿ ಬರಬೇಕು ಎಂಬುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ. ಇವಕ್ಕೆ ಮಂತ್ರಿ ಎದ್ದು ಬಾಯಲ್ಲಿ ಉತ್ತರ ಹೇಳಬೇಕು, ಉಪಪ್ರಶ್ನೆ ಕೇಳಬಹುದು. 230 ಚುಕ್ಕೆ ಗುರುತಿಲ್ಲದವು. ಅವಕ್ಕೆ ಲಿಖಿತ ಉತ್ತರ. ಒಂದು ಗಂಟೆಯಲ್ಲಿ 20 ಪ್ರಶ್ನೆಯೂ ಮುಗಿಯುವುದು ಅಪರೂಪ. ಉಳಿದವಕ್ಕೆ ಬರೆದ ಉತ್ತರವೇ ಗತಿ. ಇಷ್ಟರಲ್ಲಿ ಪಕ್ಷಭೇದ ಇಲ್ಲ. ಪಕ್ಷಭೇದಕ್ಕೆ ಜಾಗ ಸಿಗುವುದು ಪ್ರಶ್ನೆಯನ್ನು ಒಪ್ಪಿಕೊಳ್ಳಬೇಕೋ ಬೇಡವೋ ಎನ್ನುವಲ್ಲಿ. ಅಭಿಪ್ರಾಯ ಕೇಳಬಾರದು, ಊಹೆಯ ಮೇಲೆ ಕೇಳಬಾರದು, ಕೋರ್ಟಿನಲ್ಲಿರುವ ವಿಷಯ ಎತ್ತಬಾರದು, ಆರೋಪ ಸೇರಿಸಬಾರದು. ನಿಯಮಗಳೇನೋ ಸರಿ. ಆದರೆ ಕೋರ್ಟಿನಲ್ಲಿದೆ ಎಂಬ ನೆಪದಲ್ಲಿ ಜಾರಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಇನ್ನೊಂದು ಕಡೆ, ಎಷ್ಟೋ ಪ್ರಶ್ನೆಗಳು ಭಾಷಣದ ಹಾಗೆ ಬರೆದಿದ್ದಕ್ಕೇ ಬಿದ್ದುಹೋಗುತ್ತವೆ. ಅದು ಬರೆದವರ ತಪ್ಪು.

ಸದನದಲ್ಲಿ ಗಲಾಟೆ ಆಗಿ ಕಲಾಪ ಮುಂದೂಡಿದರೆ ಉತ್ತರ ಹೋಯಿತು ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಆ ದಿನದ ಪಟ್ಟಿಯಲ್ಲಿದ್ದ ಪ್ರಶ್ನೆಗಳ ಉತ್ತರ ಸದನದ ಮೇಜಿಗೆ ಬಂದೇ ಬರುತ್ತದೆ, ದಾಖಲೆಯಾಗುತ್ತದೆ. ನಷ್ಟವಾಗುವುದು ಉಪಪ್ರಶ್ನೆ. "ನೀರಿದೆಯಾ?" ಎಂದು ಕೇಳುವ ಆ ಅರ್ಧ ನಿಮಿಷ.

ಮುಖ್ಯಮಂತ್ರಿಗಳು ಹಿಂದಿನ ಸರ್ಕಾರದ ಲೆಕ್ಕ ಯಾಕೆ ಹೇಳಿದರು?

ಇದಕ್ಕೆ ಎರಡು ಕಾರಣ. ಒಂದು ರಾಜಕೀಯ, ಅದು ನಿಮಗೂ ಗೊತ್ತು. ವಿರೋಧ ಪಕ್ಷದವರು ನಿನ್ನೆಯವರೆಗೆ ಆ ಕುರ್ಚಿಯಲ್ಲಿ ಕೂತಿದ್ದವರಾದರೆ, ಅವರ ಕಾಲದ ಖಾಲಿ ಹುದ್ದೆಗಳ ಪಟ್ಟಿ ಒಳ್ಳೆಯ ಗುರಾಣಿ. ಯಾವ ಪಕ್ಷ ಬಂದರೂ ಇದು ನಡೆದೇ ಇದೆ. ಪೂರಕ ಟಿಪ್ಪಣಿಯಲ್ಲಿ 'ಹಿಂದಿನ ಐದು ವರ್ಷಗಳ ತುಲನೆ' ಎಂಬ ಪುಟವನ್ನು ನಾವೇ ಮಾಡಿ ಕೊಡುತ್ತಿದ್ದೆವು. ಬೇಡಿಕೆ ಮೇಲಿನಿಂದ ಬರುತ್ತಿತ್ತು.

ಎರಡನೆಯ ಕಾರಣ ಹೊರಗಿನವರಿಗೆ ಕಾಣುವುದಿಲ್ಲ. ಮಂತ್ರಿಯಾಗಲಿ ಮುಖ್ಯಮಂತ್ರಿಯಾಗಲಿ ಸದನದಲ್ಲಿ ಹೇಳಿದ ಮಾತಿಗೆ ಲೆಕ್ಕ ಇಡುವವರಿದ್ದಾರೆ. 'ಮಾಡುತ್ತೇವೆ' ಎಂದರೆ ಅದು ಭರವಸೆ. 'ಪರಿಶೀಲಿಸಲಾಗುವುದು', 'ಮಾಹಿತಿ ಸಂಗ್ರಹಿಸಿ ಮಂಡಿಸಲಾಗುವುದು' ಎಂದರೂ ಭರವಸೆಯೇ. ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಅದರಲ್ಲಿ 15 ಸದಸ್ಯರು, ಮಂತ್ರಿಗಳಿಗೆ ಜಾಗವಿಲ್ಲ. ಯಾವ ಯಾವ ಮಾತು ಭರವಸೆಯಾಗುತ್ತದೆ ಎಂಬ ಪಟ್ಟಿಯೇ ಇದೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಆಗದಿದ್ದರೆ ಸಮಿತಿಯಿಂದ ಸಮಯ ಕೇಳಬೇಕು. ನಮ್ಮ ವಿಧಾನಸಭೆ, ವಿಧಾನ ಪರಿಷತ್ತಿನಲ್ಲೂ ಇಂಥ ಸಮಿತಿಗಳಿವೆ. ಸಮಿತಿ ಮುಂದೆ ಹೋಗಿ ನಿಲ್ಲಬೇಕಾದವರು ಅಧಿಕಾರಿಗಳು. ಆದ್ದರಿಂದ ಕರಡು ಬರೆಯುವಾಗಲೇ ಭರವಸೆಯಾಗದ ಪದ ಹುಡುಕುತ್ತೇವೆ. ಅದರ ಜೊತೆಗೆ ಹೊಸ ಹುದ್ದೆಯೋ ಹೊಸ ಖರ್ಚೋ ಆದರೆ ಆರ್ಥಿಕ ಇಲಾಖೆಯ ಸಹಮತಿ ಬೇಕು. ಅದು ಬರದೆ ಯಾವ ಕಾರ್ಯದರ್ಶಿಯೂ 'ಈ ವರ್ಷವೇ ಮಾಡುತ್ತೇವೆ' ಎಂದು ಬರೆಯಲು ಬಿಡುವುದಿಲ್ಲ. 'ಅನುದಾನದ ಲಭ್ಯತೆಗೆ ಅನುಗುಣವಾಗಿ' ಎಂಬ ಸಾಲು ಹುಟ್ಟುವುದು ಇಲ್ಲಿ. ಅದರ ನೇರ ಅರ್ಥ ಇಷ್ಟೇ: ಇನ್ನೂ ದುಡ್ಡು ಇಟ್ಟಿಲ್ಲ, ದಿನಾಂಕ ಹೇಳುವುದಿಲ್ಲ.

ಆದರೆ ನಿಮ್ಮ ವಿಷಯದಲ್ಲಿ ಈ ಸಾಲು ಸಲ್ಲುವುದಿಲ್ಲ. ಗಮನಿಸಿ. ಹುದ್ದೆ ಮಂಜೂರಾಗಿದೆ, ಭರ್ತಿಯೂ ಆಗಿದೆ ಎಂದು ಅವರೇ ಬರೆದಿದ್ದಾರೆ. ಸಂಬಳ ಹೋಗುತ್ತಿದೆ. ಹಾಗಿದ್ದರೆ ಯಾವುದಕ್ಕೆ ಅನುದಾನ ಬೇಕು? ವೈದ್ಯರು ನಿಯೋಜನೆ ಮೇಲೆ ಹೋಗಿದ್ದರೆ ಅವರನ್ನು ವಾಪಸ್ ಕಳಿಸಲು ಒಂದು ಆದೇಶ ಸಾಕು, ಹೊಸ ದುಡ್ಡು ಬೇಡ. ಒಂದೇ ಹಾಳೆಯ ಎರಡು ಸಾಲುಗಳು ಒಂದಕ್ಕೊಂದು ಹೊಂದುತ್ತಿಲ್ಲ. ನಾನು ನಿಮ್ಮ ಶಾಸಕರ ಜಾಗದಲ್ಲಿದ್ದರೆ ಉಪಪ್ರಶ್ನೆಯಾಗಿ ಇದೊಂದನ್ನೇ ಕೇಳುತ್ತಿದ್ದೆ.

ಲಂಡನ್ನಿನ ಮಾತಿಗೆ ಬರುತ್ತೇನೆ. ಅಲ್ಲಿ ಪಾರ್ಲಿಮೆಂಟ್ ಸೇರಿರುವ ವಾರಗಳಲ್ಲಿ ಬುಧವಾರ ಮಧ್ಯಾಹ್ನ 12ಕ್ಕೆ ಅರ್ಧ ಗಂಟೆ ಪ್ರಧಾನಿಯ ಪ್ರಶ್ನೋತ್ತರ. 1961ರಿಂದ ವಾರಕ್ಕೆ ಎರಡು ಸಲ ಕಾಲು ಗಂಟೆ ಇತ್ತು, 1997ರಲ್ಲಿ ಟೋನಿ ಬ್ಲೇರ್ ಅದನ್ನು ಒಂದೇ ದಿನಕ್ಕೆ ತಂದರು. ವಿರೋಧ ಪಕ್ಷದ ನಾಯಕರಿಗೆ ಆರು ಪ್ರಶ್ನೆ. ವಿಷಯ ಮೊದಲೇ ತಿಳಿಸಬೇಕಿಲ್ಲ. ಪ್ರಧಾನಿ ಆಸ್ಪತ್ರೆ, ಶಾಲೆ, ತೆರಿಗೆ ಎಲ್ಲಕ್ಕೂ ಸಿದ್ಧರಾಗಿ ಬರಬೇಕು. ನಮ್ಮ ಲೋಕಸಭೆಯಲ್ಲಿ ಪ್ರಶ್ನೆ ಆಯಾ ಇಲಾಖೆಗೆ ಹೋಗುತ್ತದೆ. ಪ್ರಧಾನಿಯ ಕೈಲಿರುವ ಇಲಾಖೆಗಳಿಗೂ ಹೆಚ್ಚಾಗಿ ಕೇಂದ್ರದ ರಾಜ್ಯ ಖಾತೆ ಸಚಿವರೇ ಉತ್ತರಿಸುತ್ತಾರೆ. ಸರ್ಕಾರದ ಮುಖ್ಯಸ್ಥರು ವಾರಕ್ಕೊಮ್ಮೆ ನಿಲ್ಲಬೇಕು ಎಂಬ ನಿಯಮ ನಮ್ಮಲ್ಲಿ ಇಲ್ಲ. ಇರಬೇಕು ಎಂದೇ ನನ್ನ ಆಸೆ. ಮುಖ್ಯಮಂತ್ರಿ ನಿಲ್ಲುತ್ತಾರೆ ಎಂದು ಗೊತ್ತಾದ ದಿನ ಎಲ್ಲ ಇಲಾಖೆಗಳ ಅಂಕಿಗಳೂ ಚುರುಕಾಗುತ್ತವೆ. ಅದನ್ನು ನಾನು ಒಳಗಿನಿಂದ ನೋಡಿದ್ದೇನೆ. ಆದರೆ ಅಲ್ಲಿಯೂ ಆ ಅರ್ಧ ಗಂಟೆಯಲ್ಲಿ ಕೂಗಾಟ, ಚುಚ್ಚುಮಾತು ಜಾಸ್ತಿ. ಒಂದು ಊರಿನ ಆಸ್ಪತ್ರೆಯ ಲೆಕ್ಕ ಬೇಕಾದರೆ ಅಲ್ಲಿನ ಸದಸ್ಯರೂ ಲಿಖಿತ ಪ್ರಶ್ನೆಯನ್ನೇ ಹಾಕುತ್ತಾರೆ.

ಕೇಳುವ ಹಕ್ಕು ನಮಗೆ ಹೊಸದೇನಲ್ಲ. ಮೈಸೂರಿನಲ್ಲಿ 1881ರಲ್ಲೇ ದಿವಾನ ರಂಗಾಚಾರ್ಲು ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. ತಾಲೂಕುಗಳಿಂದ ಬಂದವರು ರಸ್ತೆ, ಕೆರೆ, ಕಂದಾಯದ ಕಷ್ಟಗಳನ್ನು ದಿವಾನರ ಎದುರು ಇಡುವುದು ಅಲ್ಲಿಂದ ಬೆಳೆದ ಪದ್ಧತಿ. ಆ ಸಭೆಗೆ ಆರಂಭದಲ್ಲಿ ಅಧಿಕಾರ ಏನೂ ಇರಲಿಲ್ಲ. ನಿಮ್ಮ ಶಾಸಕರಿಗೆ ಇದೆ. ಸಂವಿಧಾನದ 164ನೇ ವಿಧಿ ಪ್ರಕಾರ ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ.

ಈಗ ನೀವು ಏನು ಮಾಡಬಹುದು

ಮೊದಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಜಿಲ್ಲಾ ಆರೋಗ್ಯ ಅಧಿಕಾರಿಗಳ ಕಚೇರಿಗೆ ಹಾಕಿ. ನಿಯೋಜನೆ ಆದೇಶದ ಪ್ರತಿ ಮತ್ತು ಹಾಜರಾತಿ ಪುಸ್ತಕದ ಪ್ರತಿ, ಇವೆರಡನ್ನೇ ಕೇಳಿ. ಯಾಕೆ, ಏನು ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಇರುವ ದಾಖಲೆಯನ್ನಷ್ಟೇ ಕೊಡುತ್ತಾರೆ. ಇದರಲ್ಲಿ ಒಂದು ಅಪಾಯವೂ ಇದೆ, ಮುಚ್ಚಿಡುವುದಿಲ್ಲ. ಊರಿನಲ್ಲಿ ಅರ್ಜಿ ಹಾಕಿದವರ ಹೆಸರು ಬೇಗ ಹರಡುತ್ತದೆ. ಸಾಧ್ಯವಾದರೆ ಒಬ್ಬರೇ ಹಾಕಬೇಡಿ. ಸಂಘದ ನಾಲ್ಕೈದು ಸದಸ್ಯರು ಬೇರೆ ಬೇರೆಯಾಗಿ ಹಾಕಿ. ಆಗ ಒಬ್ಬರ ಮೇಲೆ ಒತ್ತಡ ಬೀಳುವುದಿಲ್ಲ.

ಆ ಪ್ರತಿಗಳು ಬಂದ ಮೇಲೆ ಶಾಸಕರ ಹತ್ತಿರ ಮತ್ತೆ ಹೋಗಿ. ಈ ಸಲ ಚುಕ್ಕೆ ಗುರುತಿನ ಪ್ರಶ್ನೆಯನ್ನೇ ಹಾಕಿಸಿ. ಪಟ್ಟಿಯಲ್ಲಿ ಮೇಲೆ ಬರುತ್ತದೋ ಇಲ್ಲವೋ ಹೇಳಲಾಗುವುದಿಲ್ಲ. ಬಂದ ದಿನ ಶಾಸಕರು ಸದನದಲ್ಲಿ ಇರಲೇಬೇಕು. ಎಷ್ಟೋ ಒಳ್ಳೆಯ ಪ್ರಶ್ನೆಗಳು ಕೇಳಿದವರೇ ಇಲ್ಲದೆ ಸುಮ್ನೆ ಹೋಗಿವೆ. ಇದನ್ನು ಸಂಕೋಚವಿಲ್ಲದೆ ಅವರಿಗೆ ಹೇಳಿ. ಟಿವಿಗೆ ಒಂದು ತುಣುಕು ಸಿಕ್ಕ ಮೇಲೆ ಆಸಕ್ತಿ ಕಳೆದುಕೊಳ್ಳುವವರೂ ಇದ್ದಾರೆ. ಅಂಥವರಾದರೆ ನಿಮ್ಮ ಭಾಗದ ವಿಧಾನ ಪರಿಷತ್ ಸದಸ್ಯರ ಮೂಲಕವೂ ಅದೇ ಪ್ರಶ್ನೆಯನ್ನು ಪರಿಷತ್ತಿನಲ್ಲಿ ಹಾಕಿಸಬಹುದು. ಅವರು ಯಾವ ಪಕ್ಷದವರಾದರೂ ಸರಿ.

ಭರವಸೆ ಸಮಿತಿಯ ದಾರಿ ಉಪಯೋಗಕ್ಕೆ ಬರುವುದು ಉತ್ತರದಲ್ಲಿ ಭರವಸೆ ಇದ್ದಾಗ. ಹಳೆಯ ಹಾಳೆಯಲ್ಲಿ 'ಕ್ರಮ ವಹಿಸಲಾಗುವುದು' ಎಂದಿದೆ. ಇದನ್ನು ಭರವಸೆ ಎಂದು ಸಮಿತಿ ತೆಗೆದುಕೊಂಡಿದೆಯೇ ಎಂದು ಶಾಸಕರೇ ವಿಧಾನಸಭೆ ಸಚಿವಾಲಯಕ್ಕೆ ಪತ್ರ ಬರೆದು ಕೇಳಬಹುದು. ನಿಧಾನದ ದಾರಿ. ವರ್ಷವೂ ಆಗಬಹುದು. ಆದರೆ ಒಮ್ಮೆ ಪಟ್ಟಿಗೆ ಸೇರಿದರೆ ಆ ಕಡತವನ್ನು ಇಲಾಖೆ ಸುಲಭಕ್ಕೆ ಮುಚ್ಚಲಾಗದು.

ಒಂದು ಎಚ್ಚರಿಕೆ ಕೂಡ. ಈ ಉತ್ತರ ಹಿಡಿದು ನಿಮ್ಮ ಕೇಂದ್ರದಲ್ಲಿ ಉಳಿದಿರುವ ನರ್ಸ್, ಆಶಾ ಕಾರ್ಯಕರ್ತೆಯರ ಮೇಲೆ ಜಗಳಕ್ಕೆ ಹೋಗಬೇಡಿ. ನಿಯೋಜನೆ ಆದೇಶ ಮಾಡಿದವರು ಅವರಲ್ಲ. ವೈದ್ಯರಿಲ್ಲದ ಎರಡು ವರ್ಷ ಆ ಕೇಂದ್ರ ತೆರೆದಿದ್ದರೆ ಅದು ಅವರಿಂದಲೇ ಇರಬೇಕು. ವೈದ್ಯರು ವಾಪಸ್ ಬಂದರೆ ತಾಲೂಕು ಆಸ್ಪತ್ರೆಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ ಎಂಬುದೂ ನಿಜ. ಅಲ್ಲಿಯೂ ನಿಮ್ಮ ಕಡೆಯ ಗರ್ಭಿಣಿಯರೇ ಹೋಗುತ್ತಾರೆ. ಹಾಗಾಗಿ ವಾಪಸ್ ಕಳಿಸಿ ಎಂದು ಕೇಳುವಾಗ, ಅಲ್ಲಿಯ ಹುದ್ದೆ ಯಾವಾಗ ತುಂಬುತ್ತೀರಿ ಎಂದೂ ಕೇಳಬೇಕು.

ಸದನದ ಭಾಷೆಯಲ್ಲೇ ಪ್ರಶ್ನೆ ಬರೆದು ಕೊಡುತ್ತಿದ್ದೇನೆ. ಹೋಬಳಿಯ ಹೆಸರು ಸೇರಿಸಿ ಹಾಗೇ ಕೊಡಿ.

(ಅ) ಸದರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಂಜೂರಾಗಿರುವ ವೈದ್ಯಾಧಿಕಾರಿ ಹುದ್ದೆಗಳೆಷ್ಟು. ಆ ಹುದ್ದೆಯಲ್ಲಿರುವವರನ್ನು ಬೇರೆಡೆಗೆ ನಿಯೋಜಿಸಲಾಗಿದೆಯೇ. ನಿಯೋಜಿಸಿದ್ದಲ್ಲಿ ಯಾವ ದಿನಾಂಕದಿಂದ, ಯಾವ ಆಸ್ಪತ್ರೆಗೆ, ಯಾರ ಆದೇಶದ ಮೇರೆಗೆ. (ಆದೇಶದ ಪ್ರತಿ ಒದಗಿಸುವುದು)

(ಆ) ಕಳೆದ 24 ತಿಂಗಳಲ್ಲಿ ವೈದ್ಯಾಧಿಕಾರಿಯವರು ಸದರಿ ಕೇಂದ್ರದಲ್ಲಿ ಹಾಜರಿದ್ದ ದಿನಗಳೆಷ್ಟು, ನಡೆದ ಹೆರಿಗೆಗಳೆಷ್ಟು, ಬೇರೆ ಆಸ್ಪತ್ರೆಗೆ ಕಳುಹಿಸಿದ ಗರ್ಭಿಣಿಯರೆಷ್ಟು, (ತಿಂಗಳುವಾರು ಮಾಹಿತಿ ನೀಡುವುದು)

(ಇ) ನಿಯೋಜನೆಯನ್ನು ಯಾವ ಕಾಲಮಿತಿಯಲ್ಲಿ ರದ್ದುಪಡಿಸಲಾಗುವುದು. ನಿಯೋಜಿತ ಆಸ್ಪತ್ರೆಯಲ್ಲಿನ ಖಾಲಿ ಹುದ್ದೆಯನ್ನು ಯಾವಾಗ ಭರ್ತಿ ಮಾಡಲಾಗುವುದು?

ಲೋಕಸಭೆಯಲ್ಲಿ ಪ್ರಶ್ನೆಯ ಸೂಚನೆಯನ್ನು ಕನಿಷ್ಠ 15 ಪೂರ್ಣ ದಿನ ಮೊದಲೇ ಕೊಡಬೇಕು. ನಮ್ಮಲ್ಲೂ ಕೊನೆ ಗಳಿಗೆಯಲ್ಲಿ ಆಗುವ ಕೆಲಸವಲ್ಲ. ಅಧಿವೇಶನದ ದಿನಾಂಕ ಪೇಪರಿನಲ್ಲಿ ಬಂದ ದಿನವೇ ಶಾಸಕರ ಕಚೇರಿಗೆ ತಲುಪಿಸಿ. ಪ್ರಶ್ನೆ ಉದ್ದವಾಯಿತು, (ಆ) ಭಾಗ ತೆಗೆಯೋಣ ಎಂದು ಅಲ್ಲಿ ಯಾರಾದರೂ ಹೇಳಬಹುದು. ಒಪ್ಪಬೇಡಿ. ಬೇಕಾದರೆ (ಇ) ಭಾಗವನ್ನು ಚಿಕ್ಕದು ಮಾಡಲಿ. 'ಭರ್ತಿ' ಎಂಬ ಪದಕ್ಕೆ ಎದುರಾಗಿ ನಿಲ್ಲುವುದು (ಆ) ಒಂದೇ. ಅದರ ಲೆಕ್ಕ ಬರೆದಿಟ್ಟ ಪುಸ್ತಕ ಬೆಂಗಳೂರಿನಲ್ಲಿಲ್ಲ. ನಿಮ್ಮ ಊರಿನ ಕೇಂದ್ರದಲ್ಲೇ ಇದೆ.